ಸಕ್ಕರೆಗೆ ಮಾತ್ರೆ ಇದೆ, ಬಿಪಿಗೆ ಮಾತ್ರೆ ಇದೆ, ತೂಕಕ್ಕೆ ಒಂದು ಚೀಟಿಯೂ ಇಲ್ಲ. ಅಕ್ಕನ ಕ್ಲೇಮ್ ವಾಪಸ್ ಬಂದಿದೆ, ಏನು ಮಾಡೋದು?

ಬಿಎಂ_ರಸ್ತೆ_ಹಾಸನ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ.

ನಮ್ಮಕ್ಕನನ್ನು ಅರಸೀಕೆರೆ ಕಡೆ ಕೊಟ್ಟಿದ್ದೇವೆ. ವಯಸ್ಸು 46. ಎತ್ತರ 155 ಸೆಂಟಿಮೀಟರ್, ತೂಕ 90 ಕೆಜಿ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷ ಆಯಿತು. ಮೂರು ಥರ ಮಾತ್ರೆ ನುಂಗಿದರೂ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 9ರಿಂದ ಕೆಳಗೆ ಇಳಿಯುತ್ತಿಲ್ಲ. ಬೆಂಗಳೂರಿನಲ್ಲಿ ತೋರಿಸಿದೆವು. ಹೊಟ್ಟೆ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಆಪರೇಷನ್ ಮಾಡಿಸಿದರೆ ಸಕ್ಕರೆಯೂ ಹತೋಟಿಗೆ ಬರಬಹುದು ಅಂದರು. ಖರ್ಚು ಮೂರು ಲಕ್ಷದ ಮೇಲೆ. ಭಾವ ಪ್ರತಿ ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ್ದಾರೆ, ಅದೇ ಧೈರ್ಯ ಇತ್ತು.

ವಿಮೆಯವರು ಅರ್ಜಿ ವಾಪಸ್ ಕಳಿಸಿದರು. ತೂಕ ಇಳಿಸಲು ಇದಕ್ಕೆ ಮುಂಚೆ ಮಾಡಿದ ಚಿಕಿತ್ಸೆಯ ದಾಖಲೆ ಇಲ್ಲವಂತೆ.

ಅಕ್ಕನ ಚೀಟಿಗಳನ್ನೆಲ್ಲ ಚಾಪೆ ಮೇಲೆ ಹರಡಿಕೊಂಡು ಕೂತೆ. ಬಿಪಿ ಬರೆದಿದೆ. ಸಕ್ಕರೆ ಬರೆದಿದೆ. ಮಾತ್ರೆ ಹೆಸರು ಬರೆದಿದೆ. ತೂಕದ ಜಾಗ ಹೆಚ್ಚಿನ ಚೀಟಿಗಳಲ್ಲಿ ಖಾಲಿ. ಇಷ್ಟು ವರ್ಷ ನೋಡಿದ ಎಲ್ಲ ಡಾಕ್ಟರೂ "ತೂಕ ಇಳಿಸಮ್ಮ" ಅಂತ ಬಾಯಲ್ಲಿ ಹೇಳಿದ್ದಾರೆ. ಒಬ್ಬರೂ ಅದನ್ನು ಚೀಟಿಯಲ್ಲಿ ಬರೆದಿಲ್ಲ. ಈಗ ದಾಖಲೆ ಎಲ್ಲಿಂದ ತರೋದು?

ನಾಳೆ ಇದೇ ಅಕ್ಕನಿಗೆ ಎದೆ ನೋವು ಬಂದು ಸ್ಟೆಂಟ್ ಹಾಕಬೇಕು ಅಂದರೆ ದಾರಿ ಇದೆ. ಬಿಪಿಎಲ್ ಕಾರ್ಡ್ ಇರುವ ಮನೆಗೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅಲ್ಲಿವರೆಗೆ ಕಾಯಬೇಕಾ? ಗೊತ್ತಿರುವವರು ಹೇಳಿ.

ಗದ್ದೆಬಯಲು_ಚನ್ನರಾಯಪಟ್ಟಣ
ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ದಪ್ಪ ಇರೋದನ್ನೆಲ್ಲ ರೋಗ ಅಂತ ಮಾಡಿದರೆ ಲಾಭ ಯಾರಿಗೆ? ಔಷಧಿ ಕಂಪನಿಗೆ. ನಮ್ಮಪ್ಪ ಮೂರು ಹೊತ್ತು ಮುದ್ದೆ ಉಣ್ಣುತ್ತಿದ್ದರು, ಬೆಳಗಾದರೆ ಗದ್ದೆಗೆ ಇಳಿಯುತ್ತಿದ್ದರು. ಯಾವ ಆಪರೇಷನ್ನೂ ಇರಲಿಲ್ಲ. ಈಗ ಟಿವಿ ಮುಂದೆ ಕೂತು ಮಿಕ್ಸ್ಚರ್ ಮೇಯೋದು, ಆಮೇಲೆ ಸರ್ಕಾರ ದುಡ್ಡು ಕೊಡಲಿ ಅನ್ನೋದು. ನನ್ನ ತೆರಿಗೆ ದುಡ್ಡಲ್ವಾ ಅದು?

ಗಾರ್ಮೆಂಟ್ಸ್_ಅಕ್ಕ
ಗದ್ದೆಬಯಲು ಅಣ್ಣನವರೇ, ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಮೆಷಿನ್ ಮುಂದೆ ಕೂರುವವಳು. ಟಿವಿ ಮುಂದೆ ಅಲ್ಲ. ಮನೆಗೆ ಬಂದು ಅಡುಗೆ ಮಾಡಿ ಪಾತ್ರೆ ತೊಳೆದು ಮಲಗುವಾಗ ಹನ್ನೊಂದು. ನಡೆಯಲು ಹೋಗಲು ರಸ್ತೆಯಲ್ಲಿ ಲೈಟಿಲ್ಲ, ನಾಯಿ ಕಾಟ. ಮಹಾರಾಜ ಪಾರ್ಕಿಗೆ ಬೆಳಿಗ್ಗೆ ವಾಕಿಂಗ್ ಬರುವವರನ್ನು ಒಮ್ಮೆ ನೋಡಿ. ಶಿಫ್ಟ್ ಬಸ್ ಹತ್ತುವವರು ಅಲ್ಲಿ ಎಷ್ಟು ಜನ ಇರುತ್ತಾರೆ?

ಇನ್ನೊಂದು. ಜ್ವರ ಅಂತ ಹೋದರೂ ಹೊಟ್ಟೆ ಕಡೆ ನೋಡಿ ನಗುತ್ತಾರೆ. ಹೋದ ಸಲ ಬಿಪಿ ಪಟ್ಟಿ ನನ್ನ ತೋಳಿಗೆ ಸುತ್ತಲು ಸಾಲಲಿಲ್ಲ. ಹೇಗೋ ಎಳೆದು ಅಂಟಿಸಿದರು, ಗಾಳಿ ತುಂಬುವಾಗ ಪಟ್ ಅಂತ ಬಿಚ್ಚಿಕೊಂಡಿತು. ಹಿಂದೆ ನಿಂತಿದ್ದ ಸಾಲೆಲ್ಲ ನಕ್ಕಿತು. ಆಮೇಲೆ ಆ ಕಡೆ ಹೋಗಿಲ್ಲ.

ಆಲೂರು_ಪಿಎಚ್‌ಸಿ_ಡಾಕ್ಟರ್
ಗಾರ್ಮೆಂಟ್ಸ್ ಅಕ್ಕ ಹೇಳಿದ ಪಟ್ಟಿ ವಿಷಯ ಸಣ್ಣದಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ತುಂಬಾ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿದು ಕಟ್ಟಿದರೆ ಮೇಲಿನ ಅಂಕಿಯಲ್ಲಿ 20ರಷ್ಟು ವ್ಯತ್ಯಾಸ ಬರಬಹುದು. ಇಲ್ಲದ ಬಿಪಿಗೆ ಮಾತ್ರೆ ಶುರುವಾಗುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ನಿಮ್ಮಕ್ಕನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 37.5 ಆಗುತ್ತದೆ. ಹೊರದೇಶದ ಲೆಕ್ಕದಲ್ಲಿ 30 ದಾಟಿದರೆ ಬೊಜ್ಜು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ, ಹೃದಯದ ತೊಂದರೆ ಬರುವುದರಿಂದ ನಮ್ಮಲ್ಲಿ 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು ಅಂತ ಹಿಡಿಯುತ್ತೇವೆ. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಒಳಗೆ ಇರಬೇಕು.

ಗದ್ದೆಬಯಲು ಅವರು ಹೇಳಿದ್ದು ಅರ್ಧ ನಿಜ. ಊಟ, ಕೆಲಸ ಬದಲಾಗಿದೆ. ಆದರೆ ಒಮ್ಮೆ ತೂಕ ಏರಿದ ಮೇಲೆ ದೇಹ ಅದನ್ನು ಬಿಟ್ಟುಕೊಡುವುದಿಲ್ಲ. 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಅಧ್ಯಯನ ಮಾಡಿದರು. ಹತ್ತು ವಾರ ಕಟ್ಟುನಿಟ್ಟಿನ ಊಟದಲ್ಲಿ ಜನರ ತೂಕ ಇಳಿಸಿದರು. ಒಂದು ವರ್ಷ ಕಳೆದ ಮೇಲೂ ಹಸಿವು ಹೆಚ್ಚಿಸುವ ಹಾರ್ಮೋನ್ ಮೇಲೇ ಇತ್ತು, ಹೊಟ್ಟೆ ತುಂಬಿತು ಅನ್ನಿಸುವ ಹಾರ್ಮೋನ್‌ಗಳು ಕೆಳಗೇ ಇದ್ದವು. ಅಂದರೆ ತೂಕ ಇಳಿಸಿದವರು ಪ್ರತಿದಿನ ತಮ್ಮ ಹಸಿವಿನ ಜೊತೆ ಗುದ್ದಾಡುತ್ತಿರುತ್ತಾರೆ. ಸೋಮಾರಿತನ ಅಂತ ಬೈದರೆ ಹಾರ್ಮೋನ್ ಕೇಳುತ್ತದಾ? ಬೊಜ್ಜನ್ನು ದೀರ್ಘಕಾಲದ ಕಾಯಿಲೆ ಅನ್ನುವುದು ಅದಕ್ಕೇ. ಅಮೆರಿಕದ ವೈದ್ಯರ ಸಂಘ 2013ರಲ್ಲೇ ಒಪ್ಪಿಕೊಂಡಿತು. ಇಟಲಿ 2025ರಲ್ಲಿ ಕಾನೂನನ್ನೇ ಮಾಡಿತು.

ಬಿಎಂ ರಸ್ತೆ ಅವರೇ, ಅಕ್ಕನ ಮೂರು ಮಾತ್ರೆಗಳಲ್ಲಿ ಗ್ಲಿಮಿಪಿರೈಡ್ ಇದೆಯಾ?

ಬಿಎಂ_ರಸ್ತೆ_ಹಾಸನ
ಇದೆ ಸಾರ್. ಬೆಳಿಗ್ಗೆ ಒಂದು, ರಾತ್ರಿ ಒಂದು.

ಆಲೂರು_ಪಿಎಚ್‌ಸಿ_ಡಾಕ್ಟರ್
ಅದು ಸಕ್ಕರೆ ಇಳಿಸುತ್ತದೆ, ತೂಕ ಏರಿಸುತ್ತದೆ. ಇನ್ಸುಲಿನ್ ಕೂಡ ಹಾಗೇ. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆ, ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್, ಸ್ಟೀರಾಯ್ಡ್, ಇವೂ ಅಷ್ಟೇ. ನಾವೇ ಗ್ಲಿಮಿಪಿರೈಡ್ ಬರೆಯುತ್ತೇವೆ, ಏಕೆಂದರೆ ಅದು ಅಗ್ಗ, ನಮ್ಮ ಸ್ಟಾಕ್‌ನಲ್ಲಿ ಇರುತ್ತದೆ. ಆಮೇಲೆ ನಾವೇ "ಯಾಕಮ್ಮ ತೂಕ ಏರಿದೆ" ಅಂತ ಕೇಳುತ್ತೇವೆ. ಡಾಪಾಗ್ಲಿಫ್ಲೋಜಿನ್ ಅಂತ ಒಂದಿದೆ. ಸಕ್ಕರೆಯ ಜೊತೆಗೆ ಎರಡು ಮೂರು ಕೆಜಿ ತೂಕವನ್ನೂ ಇಳಿಸುತ್ತದೆ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ. ನೀವೇ ಮಾತ್ರೆ ಬದಲಾಯಿಸಬೇಡಿ, ನೋಡುವ ಡಾಕ್ಟರ ಹತ್ತಿರ ಕೇಳಿ.

ಪಾಲಿಸಿ_ಮಾಡಿಸೋನು
ನಾನು ವಿಮೆ ಏಜೆಂಟ್, ಹಾಸನದಲ್ಲೇ ಇರುವುದು. ಬೈಯುವ ಮೊದಲು ನಿಯಮ ಕೇಳಿ. ಐಆರ್‌ಡಿಎಐ (ವಿಮೆ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ) 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಥರದ ಷರತ್ತು ಮಾಡಿತು. ಬೊಜ್ಜಿನ ಆಪರೇಷನ್‌ಗೆ ಡಾಕ್ಟರ ಸಲಹೆ ಇರಬೇಕು, ವಯಸ್ಸು 18 ದಾಟಿರಬೇಕು. ಬಿಎಂಐ 40 ಅಥವಾ ಮೇಲೆ ಇರಬೇಕು. ಇಲ್ಲವೇ 35 ಅಥವಾ ಮೇಲಿದ್ದು ಜೊತೆಗೆ ಒಂದು ಗಂಭೀರ ಕಾಯಿಲೆ ಇರಬೇಕು: ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ತೊಂದರೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಕಾಯಿಲೆ, ಹತೋಟಿಗೆ ಬಾರದ ಸಕ್ಕರೆ. ಅದರ ಮೇಲೆ ಆಪರೇಷನ್ ಇಲ್ಲದ ದಾರಿಗಳನ್ನು ಮಾಡಿ ನೋಡಿ ಫಲ ಸಿಕ್ಕಿರಬಾರದು. ನಿಮ್ಮಕ್ಕ ಸಕ್ಕರೆ ಲೆಕ್ಕದಲ್ಲಿ ಒಳಗೆ ಬರುತ್ತಾರೆ. ಸಿಕ್ಕಿಹಾಕಿಕೊಂಡಿರೋದು ಕೊನೆ ಸಾಲಿನಲ್ಲಿ.

ಕಂಪನಿಯ ದೂರು ವಿಭಾಗಕ್ಕೆ ಮೊದಲು ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬೆಂಗಳೂರಿನಲ್ಲಿ, ಕಂಪನಿ ಮೇಲಿನ ದೂರು ಕೇಳಿ ತೀರ್ಮಾನ ಹೇಳುವ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ಹಾಕಬೇಕು.

ಇನ್ನೊಂದು ಮಾತು, ಎಲ್ಲರಿಗೂ. ಪಾಲಿಸಿ ಮಾಡಿಸುವಾಗ ತೂಕ ಕಡಿಮೆ ಬರೆಸಬೇಡಿ. "ಸುಮ್ನೆ 70 ಅಂತ ಹಾಕಿ" ಅನ್ನುವ ಏಜೆಂಟ್‌ಗಳು ನಮ್ಮಲ್ಲಿ ಇದ್ದಾರೆ. ಕ್ಲೇಮ್ ಬಂದ ದಿನ ಅದೇ ಸಾಲು ಕುತ್ತಿಗೆಗೆ ಬರುತ್ತದೆ.

ಬಿಎಂ_ರಸ್ತೆ_ಹಾಸನ
ಥ್ಯಾಂಕ್ಸ್ ಅಣ್ಣ. ಆದರೆ ಒಂದು ಹೇಳಿ. "ಮಾಡಿ ನೋಡಿರಬೇಕು" ಅಂತಾರಲ್ಲ, ನಮ್ಮ ತಾಲ್ಲೂಕಿನಲ್ಲಿ ಅದನ್ನು ಮಾಡಿಸುವವರು ಯಾರು? ಊಟದ ಪಟ್ಟಿ ಕೊಟ್ಟು, ತಿಂಗಳಿಗೊಮ್ಮೆ ತೂಗಿ, ಬರೆದಿಡುವ ಜಾಗ ಯಾವುದು? ಜಾಗವೇ ಇಲ್ಲದ ಚಿಕಿತ್ಸೆಗೆ ದಾಖಲೆ ಕೇಳಿದರೆ ಹೇಗೆ?

ಆಶಾ_ಅರಸೀಕೆರೆ
ಅಣ್ಣ, ನಾವು ಅಳೆಯುತ್ತೇವೆ. 30 ವರ್ಷ ದಾಟಿದ ಎಲ್ಲರ ಮನೆಗೂ ಹೋಗಿ ಸಿಬ್ಯಾಕ್ ಫಾರಂ (ಸಕ್ಕರೆ, ಬಿಪಿ ಬರುವ ಅಪಾಯ ಅಳೆಯುವ ಪಟ್ಟಿ) ತುಂಬುತ್ತೇವೆ. ವಯಸ್ಸು, ಬೀಡಿ, ಕುಡಿತ, ಸೊಂಟದ ಅಳತೆ, ನಡಿಗೆ, ಮನೆಯಲ್ಲಿ ಯಾರಿಗಾದರೂ ಸಕ್ಕರೆ, ಬಿಪಿ ಇತ್ತಾ ಅಂತ. ಒಂದೊಂದಕ್ಕೂ ಅಂಕ. ಹೆಂಗಸರಿಗೆ ಸೊಂಟ 80 ದಾಟಿದರೆ ಒಂದು ಅಂಕ, 90 ದಾಟಿದರೆ ಎರಡು. ಗಂಡಸರಿಗೆ 90 ದಾಟಿದರೆ ಒಂದು, 100 ದಾಟಿದರೆ ಎರಡು. ಒಟ್ಟು 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು.

ಟೇಪ್ ಹಿಡಿಯುವುದೇ ಒಂದು ಕಥೆ. ಸೀರೆ ನೆರಿಗೆ ಮೇಲೆ ಅಳೆದರೆ ನಾಲ್ಕೈದು ಸೆಂಟಿಮೀಟರ್ ಜಾಸ್ತಿ ಬರುತ್ತದೆ. ನೆರಿಗೆ ಸಡಿಲ ಮಾಡಿ ಅಂದರೆ ಅತ್ತೆ ಮುಂದೆ ನಾಚಿಕೆ. ಒಳಗೆ ಕೋಣೆಗೆ ಕರೆದುಕೊಂಡು ಹೋಗಿ ಅಳೆಯುತ್ತೇನೆ. ಗಂಡಸರು ಉಸಿರು ಎಳೆದುಕೊಂಡು ನಿಲ್ಲುತ್ತಾರೆ. ಮಾತಾಡಿಸುತ್ತಾ ಇದ್ದರೆ ಹೊಟ್ಟೆ ತಾನಾಗೇ ಬಿಡುತ್ತದೆ, ಆಗ ಅಳೆಯಬೇಕು.

ಆಮೇಲೆ? ಬಿಪಿ ಇದ್ದರೆ ಮಾತ್ರೆ ಸಿಗುತ್ತದೆ. ಸಕ್ಕರೆ ಇದ್ದರೆ ಮಾತ್ರೆ ಸಿಗುತ್ತದೆ. ಎರಡೂ ಇಲ್ಲ, ಸೊಂಟ 104 ಇದೆ ಅಂದರೆ "ಏನೂ ಇಲ್ಲ, ಹೋಗಿ" ಅಂತ ವಾಪಸ್. ಹೋದ ವರ್ಷ ಹೀಗೆ ವಾಪಸ್ ಬಂದ ಒಬ್ಬಳಿಗೆ ಈ ವರ್ಷ ಸಕ್ಕರೆ. ಅವಳು ನನ್ನನ್ನೇ ಕೇಳುತ್ತಾಳೆ, "ನೀನು ಅಳೆದು ಏನು ಮಾಡಿದೆ ಅಕ್ಕಾ?" ಅಂತ.

ಆಲೂರು_ಪಿಎಚ್‌ಸಿ_ಡಾಕ್ಟರ್
ತೊಂದರೆ ಇರುವುದು ಅಲ್ಲೇ. ಸಕ್ಕರೆ, ಹೃದಯದ ಕಾಯಿಲೆಯಂಥವುಗಳನ್ನು ತಡೆಯಲು 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ 2023ರಲ್ಲಿ ಹೆಸರು ಬದಲಾಯಿತು, ವ್ಯಾಪ್ತಿ ಹೆಚ್ಚಿತು. ಆದರೆ ಅದರಲ್ಲಿ ಬೊಜ್ಜು ಬರುವುದು ಕಾರಣಗಳ ಪಟ್ಟಿಯಲ್ಲಿ. ಬಿಪಿಗೆ ಗುರಿ ಇದೆ: ಎಷ್ಟು ಜನರನ್ನು ಹಿಡಿದೆವು, ಎಷ್ಟು ಜನ ಹತೋಟಿಯಲ್ಲಿದ್ದಾರೆ ಅಂತ ಪ್ರತಿ ತಿಂಗಳು ಕೇಳುತ್ತಾರೆ. ತೂಕ ಇಳಿದವರು ಎಷ್ಟು ಜನ ಅಂತ ನನ್ನನ್ನು ಯಾವ ಮೀಟಿಂಗ್‌ನಲ್ಲೂ ಕೇಳಿಲ್ಲ. ಕೇಳದ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಸಾಲಿನಲ್ಲಿ ನೂರು ಜನ ನಿಂತಿರುವಾಗ ನಾನೂ ಬರೆಯುವುದಿಲ್ಲ.

ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಬಂತು. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ಹೊಟ್ಟೆಯ ಬೊಜ್ಜು ಶೇ. 39.5. ಹತ್ತು ಜನರಲ್ಲಿ ನಾಲ್ಕು ಜನ. ಇಷ್ಟು ಜನರಿಗೆ ಕಾಯಿಲೆ ಅಂತ ಹೆಸರಿಟ್ಟರೆ ನೋಡಲು ಡಾಕ್ಟರು ಎಲ್ಲಿದ್ದಾರೆ ಅನ್ನುವುದು ಸರ್ಕಾರದ ಭಯ. ಆ ಭಯ ಸುಳ್ಳಲ್ಲ. ಅದಕ್ಕೇ 2025ರ ಜನವರಿಯಲ್ಲಿ ಹೊಸ ವಿಂಗಡಣೆ ಬಂತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವೂ, ನಮ್ಮ ದೇಶದ ತಜ್ಞರೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಹೇಳಿದರು: ಬೊಜ್ಜು ಇದ್ದೂ ಇನ್ನೂ ಅಂಗಾಂಗಕ್ಕೆ ತೊಂದರೆ ಆಗದವರು ಬೇರೆ, ಮಂಡಿ, ಉಸಿರು, ಸಕ್ಕರೆ ಅಂತ ಆಗಲೇ ತೊಂದರೆ ಶುರುವಾದವರು ಬೇರೆ. ಎರಡನೆಯವರಿಗೆ ಮೊದಲು ಚಿಕಿತ್ಸೆ. ನನಗೆ ಇದು ಸರಿ ಅನ್ನಿಸುತ್ತದೆ. ಬರೀ ತೂಕದ ಕಾಟಾ ನೋಡಿ ಎಲ್ಲರನ್ನೂ ರೋಗಿ ಮಾಡುವುದು ಬೇಡ.

ಆಟೋ_ಎನ್‌ಆರ್_ಸರ್ಕಲ್
2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆ ಹೆಸರು ದೇಶಕ್ಕೆಲ್ಲ ಗೊತ್ತಾಯಿತಲ್ಲ. ಹಾರ್ಟ್ ಅಟ್ಯಾಕ್, ಹಾರ್ಟ್ ಅಟ್ಯಾಕ್ ಅಂತ. ಇಪ್ಪತ್ತಕ್ಕೂ ಹೆಚ್ಚು ಸಾವು. ಅದರಲ್ಲಿ ನಮ್ಮಂಥ ಡ್ರೈವರ್‌ಗಳೂ ಇದ್ದರು. ಹೆದರಿ ಮೈಸೂರು ಜಯದೇವಕ್ಕೆ ಹೋದೆ. ಜಾತ್ರೆ ಥರ ಜನ. ಇಸಿಜಿ ಮಾಡಿದರು, ನಾರ್ಮಲ್ ಅಂದರು. ಖುಷಿಯಾಗಿ ಬರುವಾಗ ಚನ್ನರಾಯಪಟ್ಟಣದಲ್ಲಿ ಇಳಿದು ಬೋಂಡಾ ತಿಂದೆ.

ಆಮೇಲೆ ಜಯದೇವ ನಿರ್ದೇಶಕರ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಸಾವು ಅಸಹಜವಾಗಿ ಏನೂ ಏರಿಲ್ಲ ಅಂತ. ಸಕ್ಕರೆ, ಬಿಪಿ, ಬೊಜ್ಜು, ಸಿಗರೇಟು, ಇವೇ ಕಾರಣ ಅಂತ. ಟಿವಿಯವರು ವಾರಗಟ್ಟಲೆ ಕೋವಿಡ್ ಲಸಿಕೆ ಅಂತ ಕಿರುಚಿದರು. ವರದಿ ಬಂದ ದಿನ ಸುದ್ದಿ ತಣ್ಣಗಾಯಿತು. ಬೊಜ್ಜು ಅಂದರೆ ಯಾರಿಗೆ ಟಿಆರ್‌ಪಿ ಬರುತ್ತೆ ಹೇಳಿ.

ನನ್ನ ಸೊಂಟ ಇವತ್ತು ಅಳೆಸಿಕೊಂಡೆ. 102.

ಕಾಫಿತೋಟ_ಮೂಡಿಗೆರೆ
ಚಿಕ್ಕಮಗಳೂರು ಕಡೆಯವನು ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮ ತೋಟದಲ್ಲಿ ಕೆಲಸ ಮಾಡುವವರು ದಿನಪೂರ್ತಿ ಗುಡ್ಡ ಹತ್ತಿ ಇಳಿಯುತ್ತಾರೆ, ಕೈಕಾಲು ಕಡ್ಡಿ. ಅವರಲ್ಲೂ ಸಕ್ಕರೆ ಕಾಣಿಸಿಕೊಳ್ಳುತ್ತಿದೆ. ಇದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆ. ಪುಣೆಯ ಡಾ. ಯಾಜ್ಞಿಕ್ ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ನಮ್ಮ ಮಕ್ಕಳು ಹುಟ್ಟುವಾಗಲೇ ತೂಕ ಕಡಿಮೆ, ಆದರೆ ಕೊಬ್ಬಿನ ಪಾಲು ಜಾಸ್ತಿ. ನೋಡಲು ಸಣ್ಣ, ಒಳಗೆ ದಪ್ಪ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಆ ಹಳೇ ಪುಸ್ತಕ ಹಿಡಿದು ದೊಡ್ಡವರಾದವರನ್ನು ಹುಡುಕಿ ನೋಡಿದರೆ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. 1996ರಲ್ಲಿ ಪ್ರಕಟವಾಯಿತು.

ಹಾಗಾದರೆ ಬಸುರಿಯ ಊಟವೂ ಬೊಜ್ಜಿನ ನೀತಿಯೇ ಅಲ್ವಾ? ಅಂಗನವಾಡಿ ಒಂದು ಇಲಾಖೆ, ಆಸ್ಪತ್ರೆ ಇನ್ನೊಂದು ಇಲಾಖೆ, ರೇಷನ್ ಮತ್ತೊಂದು.

ಲೆಕ್ಕದ_ಮೇಷ್ಟ್ರು
ಇನ್ನೊಂದು ಇಲಾಖೆ ಬಿಟ್ಟಿರಿ, ತೆರಿಗೆ. 2025ರ ಫೆಬ್ರವರಿಯಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಎಣ್ಣೆ ಶೇ. 10 ಕಡಿಮೆ ಮಾಡಿ ಅಂದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಬಿಸ್ಕತ್ತು, ಚಾಕೊಲೇಟ್ 18ರಿಂದ 5ಕ್ಕೆ ಇಳಿಯಿತು. ಪ್ಯಾಕೆಟ್ ಮಿಕ್ಸ್ಚರ್ 12ರಿಂದ 5ಕ್ಕೆ. ಕೋಲಾಗೆ ಮಾತ್ರ 40. ಜನರ ಖರ್ಚು ಇಳಿಯಲಿ ಅಂತ ಮಾಡಿದ್ದು, ತಪ್ಪು ಅನ್ನಲ್ಲ. ಆದರೆ ಶಾಲೆ ಎದುರಿನ ಅಂಗಡಿಯಲ್ಲಿ ನೇತಾಡುವ ಪ್ಯಾಕೆಟ್ ಅಗ್ಗವಾಯಿತು. ಕೇರಳ 2016ರಲ್ಲಿ ಬರ್ಗರ್, ಪಿಜ್ಜಾ ಮೇಲೆ ಶೇ. 14.5 ಕೊಬ್ಬು ತೆರಿಗೆ ಹಾಕಿತ್ತು. ಮಾರನೇ ವರ್ಷ ಜಿಎಸ್‌ಟಿ ಬಂದು ಅದೂ ಹೋಯಿತು. ಈಗ ಒಂದು ರಾಜ್ಯ ತಾನೇ ಮಾಡುತ್ತೇನೆ ಅಂದರೂ ಆಗಲ್ಲ.

[ನಿರ್ವಾಹಕರು: "ತಿಂಗಳಿಗೆ ಹತ್ತು ಕೆಜಿ ಗ್ಯಾರಂಟಿ" ಪುಡಿಯ ಜಾಹೀರಾತು ತೆಗೆದಿದ್ದೇವೆ. ಇದು ಇದೇ ಚರ್ಚೆಯಲ್ಲಿ ಮೂರನೇದು. ದಯವಿಟ್ಟು ನಿಲ್ಲಿಸಿ.]

ಮೆಡಿಕಲ್ಸ್_ಸಕಲೇಶಪುರ
ಪುಡಿ ಬಿಡಿ, ಈಗ ತೂಕ ಇಳಿಸುವ ಇಂಜೆಕ್ಷನ್ ಕಾಲ. ಮೌಂಜಾರೊ 2025ರ ಮಾರ್ಚ್‌ನಲ್ಲಿ ಬಂತು. ಬಂದಾಗ 5 ಮಿಲಿಗ್ರಾಂ ಒಂದು ಬಾಟಲಿಗೆ 4,375 ರೂಪಾಯಿ. ವಾರಕ್ಕೊಂದು. ತಿಂಗಳಿಗೆ 17,500. ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ 2,000 ಬರುತ್ತೆ, ನೀವೇ ಲೆಕ್ಕ ಹಾಕಿ. ವೆಗೋವಿ ಅದೇ ಜೂನ್‌ನಲ್ಲಿ ಬಂತು. ಅದರಲ್ಲಿರುವ ಸೆಮಾಗ್ಲುಟೈಡ್‌ಗೆ ನಮ್ಮ ದೇಶದಲ್ಲಿ ಪೇಟೆಂಟ್ ಇದ್ದದ್ದು 2026ರ ಮಾರ್ಚ್‌ವರೆಗೆ ಮಾತ್ರ.

ನನ್ನ ತಲೆನೋವು ಬೇರೆ. ಇದನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ಎರಡು ದಿನ ಬರಲ್ಲ. ಮೌಂಜಾರೊ ಹೊರಗೆ 30 ಡಿಗ್ರಿ ಒಳಗೆ 21 ದಿನ ತಡೆಯುತ್ತದೆ. ಆದರೆ ಯಾವ ಬಾಟಲಿ ಎಷ್ಟು ದಿನ ಹೊರಗಿತ್ತು ಅಂತ ಯಾರು ಬರೆದಿಡುತ್ತಾರೆ? ಇನ್ನು ಚೀಟಿ ಇಲ್ಲದೆ ಬರುವವರು. ಮದುವೆಗೆ ಮುಂಚೆ ಎಂಟು ಕೆಜಿ ಇಳೀಬೇಕು ಅಂತ ಒಬ್ಬ ಹುಡುಗ ಬಂದಿದ್ದ. ಕೊಡಲಿಲ್ಲ. ಬೇರೆ ಕಡೆ ತಗೊಂಡಿರುತ್ತಾನೆ ಬಿಡಿ.

ಗದ್ದೆಬಯಲು_ಚನ್ನರಾಯಪಟ್ಟಣ
ನಾನು ಹೇಳಿದ್ದು ಇದೇ. ಬಿಟ್ಟರೆ ತೂಕ ವಾಪಸ್ ಬರುತ್ತೆ ಅಂತಾರೆ. ಹಾಗಾದರೆ ಜೀವನಪೂರ್ತಿ ಚುಚ್ಚಿಕೊಳ್ಳಬೇಕಾ? ಸರ್ಕಾರ ಜೀವನಪೂರ್ತಿ ಕೊಡಬೇಕಾ?

ಆಲೂರು_ಪಿಎಚ್‌ಸಿ_ಡಾಕ್ಟರ್
ಒಳ್ಳೆ ಪ್ರಶ್ನೆ, ಇದಕ್ಕೆ ಎಲ್ಲ ದೇಶಗಳೂ ತಿಣುಕುತ್ತಿವೆ. ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರದಲ್ಲಿ ಸರಾಸರಿ ಶೇ. 15ರಷ್ಟು ಇಳಿಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂತು. ಇಂಗ್ಲೆಂಡ್ 2023ರಲ್ಲಿ ಎರಡು ವರ್ಷ ಮಾತ್ರ ಕೊಡುತ್ತೇವೆ ಅಂತ ಮಿತಿ ಹಾಕಿತು. ದೀರ್ಘಕಾಲದ ಕಾಯಿಲೆ ಅಂತ ಒಪ್ಪಿಕೊಂಡು ಎರಡು ವರ್ಷಕ್ಕೆ ಔಷಧಿ ನಿಲ್ಲಿಸುವುದು ಯಾವ ನ್ಯಾಯ? ಬಿಪಿ ಮಾತ್ರೆಯನ್ನು ಎರಡು ವರ್ಷಕ್ಕೆ ನಿಲ್ಲಿಸುತ್ತೇವಾ? ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಈ ಔಷಧಿಗಳ ದೀರ್ಘಾವಧಿ ಬಳಕೆಗೆ ಒಪ್ಪಿತು, ಆದರೆ ಷರತ್ತು ಇಟ್ಟು. ಬೆಲೆ, ಸಿದ್ಧತೆ, ಎಲ್ಲರಿಗೂ ಸಿಗುವುದು, ಇವೆಲ್ಲ ಅದರಲ್ಲಿ ಬಂದಿದೆ.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲ ಪಿಎಚ್‌ಸಿಗೂ ಈ ಇಂಜೆಕ್ಷನ್ ಬೇಡ. ಜಿಲ್ಲಾ ಆಸ್ಪತ್ರೆ ಮಟ್ಟದಲ್ಲಿ, ಬಿಎಂಐ 35 ದಾಟಿ ಸಕ್ಕರೆ ಹತೋಟಿಗೆ ಬಾರದವರಿಗೆ, ಒಂದು ಕ್ಲಿನಿಕ್ ವಾರಕ್ಕೊಮ್ಮೆ ನಡೆದರೂ ಸಾಕು. ಅಲ್ಲಿ ಒಬ್ಬ ಡಯಟಿಷಿಯನ್ ಇರಬೇಕು, ಮುದ್ದೆ, ಅಕ್ಕಿ ರೊಟ್ಟಿ, ಕಡುಬು ಗೊತ್ತಿರುವವರು. ಓಟ್ಸ್ ತಿನ್ನಿ ಅನ್ನುವವರು ಬೇಡ. ಅಲ್ಲಿ ಬರೆದ ಪುಸ್ತಕವೇ ವಿಮೆಗೆ ದಾಖಲೆ ಆಗುತ್ತದೆ.

ಗದ್ದೆಬಯಲು_ಚನ್ನರಾಯಪಟ್ಟಣ
ಅಷ್ಟು ಕೇಳಿದರೆ ಒಪ್ಪಬಹುದು. ಇಂಜೆಕ್ಷನ್ ವಿಷಯ ನನಗೆ ಈಗಲೂ ಸರಿ ಕಾಣಲ್ಲ.

ಗಾರ್ಮೆಂಟ್ಸ್_ಅಕ್ಕ
ಕ್ಲಿನಿಕ್ ಭಾನುವಾರ ಇರಲಿ ಸಾರ್. ವಾರದ ದಿನ ರಜೆ ಹಾಕಿದರೆ ಸಂಬಳ ಕಟ್.

ಬಿಎಂ_ರಸ್ತೆ_ಹಾಸನ
ಎಲ್ಲರಿಗೂ ಥ್ಯಾಂಕ್ಸ್. ದೂರು ಪತ್ರ ಬರೆಯುತ್ತಿದ್ದೇನೆ. ಮಂಡಿ ನೋವು, ಸಕ್ಕರೆ, ಎರಡನ್ನೂ ಹಾಕಿದ್ದೇನೆ. ಜೊತೆಗೆ ಇವತ್ತಿನಿಂದ ಪ್ರತಿ ತಿಂಗಳು ತೂಕ ಬರೆಸುತ್ತೇವೆ.

ಪಾಲಿಸಿ_ಮಾಡಿಸೋನು
ಸಕ್ಕರೆ ಮೊದಲ ಸಾಲಿನಲ್ಲಿ ಬರಲಿ. ಮಂಡಿ ಷರತ್ತಿನ ಪಟ್ಟಿಯಲ್ಲೇ ಇಲ್ಲ, ಅದನ್ನು ಮೇಲೆ ಹಾಕಿದರೆ ಅವರಿಗೆ ನೆಪ ಸಿಗುತ್ತದೆ. ಹಳೇ ಡಾಕ್ಟರ ಹತ್ತಿರ ಹೋಗಿ, ಇಷ್ಟು ವರ್ಷ ಊಟ, ನಡಿಗೆ ಬಗ್ಗೆ ಸಲಹೆ ಕೊಟ್ಟಿದ್ದೇನೆ, ಫಲ ಸಿಕ್ಕಿಲ್ಲ ಅಂತ ಪತ್ರ ಕೇಳಿ. ಹೇಳಿದ್ದು ನಿಜವೇ ಅಲ್ವಾ, ಬರೆದುಕೊಡಲಿ. ಹಿಂದಿನ ತಾರೀಕು ಹಾಕಿಸಬೇಡಿ, ಸಿಕ್ಕಿಬೀಳುತ್ತೀರಿ.

ಆಶಾ_ಅರಸೀಕೆರೆ
ಅಣ್ಣ, ಅಕ್ಕ ಯಾವ ಊರು ಅಂತ ಮೆಸೇಜ್ ಹಾಕಿ. ನಮ್ಮ ಕಡೆಯೇ ಆದರೆ ಸಿಬ್ಯಾಕ್ ಫಾರಂನಲ್ಲಿ ಸೊಂಟದ ಅಳತೆ ತಾರೀಕು ಸಮೇತ ಇರುತ್ತದೆ. ಅದೂ ಒಂದು ದಾಖಲೆ ತಾನೇ.

ಡಾಕ್ಟರ್ ಸಾರ್, ದೊಡ್ಡ ಬಿಪಿ ಪಟ್ಟಿ ನಮ್ಮ ಕೇಂದ್ರಕ್ಕೆ ತರಿಸೋಕೆ ಯಾರನ್ನು ಕೇಳಬೇಕು?

ಆಲೂರು_ಪಿಎಚ್‌ಸಿ_ಡಾಕ್ಟರ್
ಮೇಲಕ್ಕೆ ಇಂಡೆಂಟ್ ಹಾಕಿದರೆ ತಿಂಗಳುಗಟ್ಟಲೆ ಆಗುತ್ತದೆ. ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ಕೊಳ್ಳಬಹುದು. ಸಮಿತಿ ಸಭೆಯಲ್ಲಿ ಯಾರಾದರೂ ಎತ್ತಬೇಕು, ಅಷ್ಟೇ.

ಗದ್ದೆಬಯಲು_ಚನ್ನರಾಯಪಟ್ಟಣ
ನಮ್ಮೂರ ಸಮಿತಿಯಲ್ಲಿ ನಾನಿದ್ದೇನೆ. ಮುಂದಿನ ಸಭೆಯಲ್ಲಿ ಎತ್ತುತ್ತೇನೆ. ಎಷ್ಟಾಗುತ್ತೆ ಒಂದಕ್ಕೆ?

ಮೆಡಿಕಲ್ಸ್_ಸಕಲೇಶಪುರ
ಜಾಸ್ತಿ ಏನಿಲ್ಲ ಗೌಡ್ರೇ. ಮೆಷಿನ್ ಯಾವ ಕಂಪನಿದು, ಪೈಪ್ ಒಂದಾ ಎರಡಾ ಅಂತ ನೋಡಿ ಫೋಟೊ ಕಳಿಸಿ. ಎಲ್ಲ ಪಟ್ಟಿ ಎಲ್ಲ ಮೆಷಿನ್‌ಗೆ ಕೂರಲ್ಲ.